ತುದಿಯ ಹತ್ತು ಮಿಲಿಮೀಟರ್: ಎಲ್ಲಕ್ಕೂ 'ಶಾರ್ಟ್ ಸರ್ಕ್ಯೂಟ್' ಅನ್ನೋರಿಗೆ

1/9

ಫೋಟೊ ಜೂಮ್ ಮಾಡಿ ನೋಡಿ. ಗೀಸರ್‌ಗೆ ಹಾಕಿದ್ದ 16 ಆಂಪ್ ಸಾಕೆಟ್. ಬಿಳಿ ಪ್ಲೇಟ್ ಕಾಫಿ ಬಣ್ಣಕ್ಕೆ ತಿರುಗಿದೆ, ಬಲಗಡೆ ತೂತಿನ ಸುತ್ತ ಪ್ಲಾಸ್ಟಿಕ್ ಮೇಣದ ಹಾಗೆ ಇಳಿದಿದೆ. ಈಗ ಎಡಕ್ಕೆ ಸರಿಸಿ, ಹಿಂದಿನ ಭಾಗ ನೋಡಿ. ವೈರ್ ಒಳ್ಳೇ ಕಂಪನಿದು, 2.5 ಚದರ ಮಿ.ಮೀ. ತಾಮ್ರ, ಮೈಮೇಲೆ ಎಫ್‌ಆರ್ ಅಂತ ಪ್ರಿಂಟ್ ಇದೆ. ತುದಿಯಿಂದ ಎರಡು ಇಂಚು ಈಚೆಗೆ ಅದಕ್ಕೆ ಏನೂ ಆಗಿಲ್ಲ, ಅಂಗಡಿಯಿಂದ ತಂದ ಹಾಗೇ ಇದೆ. ಸುಟ್ಟಿರೋದು ಸ್ಕ್ರೂ ಕೆಳಗಿನ ತುದಿ ಮಾತ್ರ.

ಮಾಗಡಿಯಲ್ಲೇ ಒಂದು ಮನೆ, ಯಾರದು ಅಂತ ಕಮೆಂಟಲ್ಲಿ ಕೇಳ್ಬೇಡಿ. ಮನೆಯವರು ಹೇಳಿದ್ದು ಒಂದೇ ಮಾತು: 'ಶಾರ್ಟ್ ಸರ್ಕ್ಯೂಟ್ ಆಯ್ತು.' ಪಕ್ಕದ ಮನೆಯವರೂ ಅದನ್ನೇ ಅಂದ್ರು. ಎಲ್ಲಿ ಬೆಂಕಿ ಬಿದ್ರೂ ಪೇಪರಲ್ಲೂ ಅದೇ ಬರುತ್ತೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ವರ್ಷವರ್ಷ ಕೊಡೋ ಅಪಘಾತ ಸಾವುಗಳ ವರದಿಯಲ್ಲಿ ಬೆಂಕಿಗೆ ಕಾರಣ ಅಂತ 'ಶಾರ್ಟ್ ಸರ್ಕ್ಯೂಟ್'ಗೆ ಒಂದು ಕಾಲಂ ಇದೆ. 'ಸ್ಕ್ರೂ ಸರಿಯಾಗಿ ಬಿಗಿ ಮಾಡಿರಲಿಲ್ಲ' ಅನ್ನೋದಕ್ಕೆ ಕಾಲಂ ಇಲ್ಲ.

ಶಾರ್ಟ್ ಆಗಿದ್ರೆ ಎಂಸಿಬಿ ಕಣ್ಣು ಮಿಟುಕಿಸೋದರೊಳಗೆ ಬಿದ್ದಿರೋದು. ಈ ಸಾಕೆಟ್ ಸುಟ್ಟಿದ್ದು ಒಂದು ಕ್ಷಣದಲ್ಲಿ ಅಲ್ಲ. ತಿಂಗಳುಗಟ್ಟಲೆ, ದಿನಾ ಬೆಳಿಗ್ಗೆ ಸ್ನಾನದ ಹೊತ್ತಿಗೆ ಸ್ವಲ್ಪ ಸ್ವಲ್ಪ ಬೆಂದಿದೆ.

2/9

ಎಂಸಿಬಿ ಯಾಕೆ ಬೀಳಲಿಲ್ಲ ಅಂತ ನಮ್ಮ ಕ್ಲಾಸಲ್ಲೇ ಎಷ್ಟು ಜನಕ್ಕೆ ಗೊತ್ತು? ಕೇಳಿ ನೋಡಿ. ಅರ್ಧ ಜನ 'ಎಂಸಿಬಿ ಡ್ಯೂಪ್ಲಿಕೇಟ್ ಇರ್ಬೇಕು' ಅಂತಾರೆ.

ಎಂಸಿಬಿ ನೋಡೋದು ಕರೆಂಟ್ ಎಷ್ಟು ಹರೀತಿದೆ ಅನ್ನೋದನ್ನ. 3000 ವ್ಯಾಟ್ ಗೀಸರ್ 230 ವೋಲ್ಟಲ್ಲಿ ಸುಮಾರು 13 ಆಂಪ್ ಎಳೆಯುತ್ತೆ. ತುದಿ ಸಡಿಲ ಇದ್ರೆ ಅದು ಜಾಸ್ತಿ ಆಗಲ್ಲ, ಕೂದಲೆಳೆ ಅಷ್ಟು ಕಮ್ಮಿನೇ ಆಗುತ್ತೆ. ಎಂಸಿಬಿ ಕಣ್ಣಿಗೆ ಎಲ್ಲಾ ಸರಿ. ಆರ್‌ಸಿಸಿಬಿ ನೋಡೋದು ಹೋದ ಕರೆಂಟ್ ವಾಪಸ್ ಬಂತಾ ಅನ್ನೋದನ್ನ. ಅದೂ ಬಂದಿದೆ, ಲೀಕೇಜ್ ಇಲ್ಲ. ಅಂದ್ರೆ ಡಿಬಿಯಲ್ಲಿ ಎಷ್ಟೇ ದುಬಾರಿ ಎಂಸಿಬಿ, ಆರ್‌ಸಿಸಿಬಿ ಇಟ್ರೂ ಸಡಿಲ ತುದಿಯನ್ನ ಅವು ಹಿಡಿಯಲ್ಲ. ಹಿಡಿಯೋಕೆ ಇರೋದು ನಿಮ್ಮ ಕೈ, ಅದೂ ಕೆಲಸ ಮಾಡೋ ದಿನ.

ಈಗ ಲೆಕ್ಕ. ಬಿಸಿ ಅಂದ್ರೆ ಕರೆಂಟಿನ ವರ್ಗ ಗುಣಿಲೆ ರೆಸಿಸ್ಟೆನ್ಸ್, ಹೈಸ್ಕೂಲಲ್ಲೇ ಓದಿದ್ದು. ಚೆನ್ನಾಗಿ ಕೂತ ತುದಿಯಲ್ಲಿ 1 ಮಿಲಿಓಮ್ ಇದೆ ಅಂದ್ಕೊಳ್ಳಿ. 13 ಆಂಪಿಗೆ 0.17 ವ್ಯಾಟ್, ಇರುವೆಗೂ ಬಿಸಿ ತಟ್ಟಲ್ಲ. ಅದೇ ತುದಿ ಸಡಿಲ ಆಗಿ, ಕಪ್ಪು ಹಿಡಿದು 0.1 ಓಮ್ ಆಯ್ತು ಅಂದ್ರೆ ಸುಮಾರು 17 ವ್ಯಾಟ್. ಪ್ರಾಕ್ಟಿಕಲ್‌ನಲ್ಲಿ ಹಿಡಿಯೋ ಸಾಲ್ಡರಿಂಗ್ ಐರನ್ 25 ವ್ಯಾಟ್ ಕಣ್ರೋ. ಸ್ವಿಚ್ ಬಾಕ್ಸ್ ಒಳಗೆ, ಗಾಳಿ ಆಡದ ಜಾಗದಲ್ಲಿ, ಒಂದು ಸಣ್ಣ ಸಾಲ್ಡರಿಂಗ್ ಐರನ್ ಆನ್ ಮಾಡಿಟ್ಟು ಮೇಲೆ ಪ್ಲೇಟ್ ಮುಚ್ಚಿದ ಹಾಗೆ. ಸಾಮಾನ್ಯ ಪಿವಿಸಿ ವೈರ್ ತಡೆಯೋದು 70 ಡಿಗ್ರಿ ಲೆಕ್ಕಕ್ಕೆ. ಬಿಸಿಯಾದ ತುದಿ ಹಿಗ್ಗುತ್ತೆ, ತಣ್ಣಗಾದಾಗ ಕುಗ್ಗುತ್ತೆ, ಇನ್ನಷ್ಟು ಸಡಿಲ ಆಗುತ್ತೆ, ಮೇಲೆ ಆಕ್ಸೈಡ್ ಕೂರುತ್ತೆ, ನಾಳೆ ಇನ್ನೂ ಜಾಸ್ತಿ ಬಿಸಿ.

3/9

ಇಷ್ಟು ಹೇಳಿದ ತಕ್ಷಣ ಒಬ್ಬರು ಬಂದೇ ಬರ್ತಾರೆ: 'ನಮ್ಮಜ್ಜನ ಕಾಲದ ಮನೆ, ವೈರ್ ಹೊಸೆದು ಟೇಪ್ ಸುತ್ತಿದ್ದು, 30 ವರ್ಷದಿಂದ ಏನೂ ಆಗಿಲ್ಲ. ನೀವು ಹುಡುಗರು ನಿನ್ನೆ ಮೊನ್ನೆ ಕಲಿತು ಬಂದು ನಮಗೆ ಹೇಳ್ತೀರಾ?'

ಹೌದು, ಹೇಳ್ತೀವಿ. ನಿಮ್ಮಜ್ಜನ ಮನೇಲಿ ಇದ್ದಿದ್ದು 60 ವ್ಯಾಟಿನ ಒಂದು ಬಲ್ಬು. ಅದು ಎಳೆಯೋದು 0.26 ಆಂಪ್. ಈವತ್ತಿನ ಗೀಸರ್ 13 ಆಂಪ್. ಕರೆಂಟ್ 50 ಪಟ್ಟು. ಬಿಸಿ 50 ಪಟ್ಟಲ್ಲ, 2500 ಪಟ್ಟು, ಯಾಕಂದ್ರೆ ವರ್ಗ. ಅಜ್ಜನ ಜಾಯಿಂಟ್ ಗಟ್ಟಿ ಇತ್ತು ಅಂತ ಉಳೀಲಿಲ್ಲ. ಅದಕ್ಕೆ ಯಾರೂ ಕೆಲಸ ಕೊಟ್ಟಿರಲಿಲ್ಲ, ಅಷ್ಟೇ. ಈಗ ಅದೇ ಜಾಯಿಂಟಿನ ಹಿಂದೆ ಗೀಸರ್, ಇಂಡಕ್ಷನ್ ಒಲೆ, ಬೈಕ್ ಚಾರ್ಜರ್ ಹಾಕಿ 'ಅಜ್ಜನ ಕಾಲದಿಂದ ಇದೆ' ಅಂದ್ರೆ ಏನು ಹೇಳೋದು.

4/9

ನಮ್ಮ ಪಾಠದ ಕಡೆಗೂ ಒಂದು ಮಾತಿದೆ. ಐಟಿಐ ಎಲೆಕ್ಟ್ರಿಷಿಯನ್ ಮೊದಲ ವರ್ಷ ಎಲ್ಲರೂ ಮಾಡಿದ್ದೀವಿ: ಮ್ಯಾರೀಡ್ ಜಾಯಿಂಟ್, ಟೀ ಜಾಯಿಂಟ್, ವೆಸ್ಟರ್ನ್ ಯೂನಿಯನ್, ಬ್ರಿಟಾನಿಯಾ. (ಬ್ರಿಟಾನಿಯಾ ಅಂದಾಗ ಹಿಂದಿನ ಬೆಂಚಿಂದ ಬಿಸ್ಕತ್ತು ಅಂತ ಕೂಗೋನು ಪ್ರತಿ ಬ್ಯಾಚಲ್ಲೂ ಒಬ್ಬ ಇರ್ತಾನೆ.) ಆ ವೆಸ್ಟರ್ನ್ ಯೂನಿಯನ್ ಅನ್ನೋದು ಅಮೆರಿಕದ ಟೆಲಿಗ್ರಾಫ್ ಕಂಪನಿ ಹೆಸರು. ಕಂಬದಿಂದ ಕಂಬಕ್ಕೆ ಎಳೆದ ತಂತಿ ಬಿಗಿಯಾಗಿ ಜಗ್ಗುತ್ತೆ, ಆ ಜಗ್ಗಾಟ ತಡೆಯೋಕೆ ಹುಟ್ಟಿದ ಹೊಸೆತ ಅದು. ಒಳ್ಳೇದೇ. ಕೈಗೆ ಅಭ್ಯಾಸ ಆಗುತ್ತೆ, ಬೇಡ ಅನ್ನಲ್ಲ.

ಸಿಲಬಸ್‌ನಲ್ಲಿ ಸಿಪ್ಪೆ ತೆಗೆಯೋದು, ಲಗ್ ಕ್ರಿಂಪ್ ಮಾಡೋದು, ಟರ್ಮಿನಲ್‌ಗೆ ಹಾಕೋದೂ ಇದೆ. ಆದ್ರೆ ನೆನಪಲ್ಲಿ ಉಳಿಯೋದು, ರೆಕಾರ್ಡ್ ಬುಕ್ಕಲ್ಲಿ ಚಂದದ ಚಿತ್ರ ಬರೆಯೋದು ಹೊಸೆತದ್ದು. ಹೊರಗೆ ಬಂದು ಮನೆ ವೈರಿಂಗ್ ಮಾಡೋವಾಗ ನಾವು ದಿನಕ್ಕೆ ನೂರು ಸಲ ಮಾಡೋದು ಯಾವುದು? ಟರ್ಮಿನಲ್. ಸ್ವಿಚ್, ಸಾಕೆಟ್, ಎಂಸಿಬಿ, ಸೀಲಿಂಗ್ ರೋಸ್, ಸ್ಟಾರ್ಟರ್, ಎಲ್ಲಾ ಟರ್ಮಿನಲ್ಲೇ. ಟೆಲಿಗ್ರಾಫ್ ಜಾಯಿಂಟ್ ಹಾಕೋ ಮನೆ ನಾನಂತೂ ನೋಡಿಲ್ಲ.

5/9

ಗಟ್ಟಿ ವೈರೂ ಎಳೆ ವೈರೂ ಒಂದೇ ಅಲ್ಲ. ಹಳಬರು ಈಗಲೂ 1/18, 3/20, 7/20 ಅಂತ ಕೇಳ್ತಾರೆ, ಕೇಳಿದ್ದೀರಲ್ಲ? ಮೊದಲನೇದು ಎಷ್ಟು ಎಳೆ, ಎರಡನೇದು ಎಳೆಯ ಗೇಜು. 1/18 ಅಂದ್ರೆ ಒಂಟಿ ಗಟ್ಟಿ ತಂತಿ. 7/20 ಅಂದ್ರೆ ದಪ್ಪನೆಯ ಏಳು ಎಳೆ. ಫ್ಲೆಕ್ಸಿಬಲ್‌ಗೆ 40/76 ಅಂತಾರೆ, ಅಲ್ಲಿ 76 ಅಂದ್ರೆ ಗೇಜಲ್ಲ, ಇಂಚಿನ ಹತ್ತು ಸಾವಿರದಲ್ಲಿ 76 ಭಾಗ. ಈಗ ಅಂಗಡಿಯಲ್ಲಿ ಸಿಗೋ 2.5ರ ಮನೆ ವೈರ್ ಸಾಮಾನ್ಯವಾಗಿ 36/0.3, ಅಂದ್ರೆ 0.3 ಮಿ.ಮೀ.ನ 36 ಎಳೆ. 1.5 ಆದ್ರೆ 22 ಎಳೆ.

ವೈರ್ ಬದಲಾಯ್ತು, ಕೈ ಬದಲಾಗಲಿಲ್ಲ. ಜಗಳ ಇರೋದೇ ಇಲ್ಲಿ.

ಗಟ್ಟಿ ತಂತಿ ಸ್ಕ್ರೂ ಕೆಳಗೆ ಕೂತ್ರೆ ಕಲ್ಲಿನ ಹಾಗೆ ಕೂರುತ್ತೆ. ಸ್ಕ್ರೂ ತಲೆ ಸುತ್ತ ಹಾಕೋದಾದ್ರೆ ಸ್ಕ್ರೂ ತಿರುಗೋ ದಿಕ್ಕಿಗೇ ಕೊಕ್ಕೆ ಮಾಡಿ, ಬಿಗಿ ಮಾಡಿದಷ್ಟೂ ಕೊಕ್ಕೆ ಒಳಕ್ಕೆ ಬರುತ್ತೆ. ಉಲ್ಟಾ ಹಾಕಿದ್ರೆ ಬಿಗಿ ಮಾಡಿದಷ್ಟೂ ಹೊರಕ್ಕೆ ತಳ್ಳುತ್ತೆ. ಅದಕ್ಕೆ ಇರೋ ಶತ್ರು ಒಂದೇ, ಬ್ಲೇಡಿನ ಗಾಯ. ಸಿಪ್ಪೆ ತೆಗೆಯೋವಾಗ ಸುತ್ತ ಬ್ಲೇಡ್ ಆಡಿಸಿದ್ರೆ ತಾಮ್ರದ ಮೇಲೆ ಉಂಗುರದ ಹಾಗೆ ಗೆರೆ ಬೀಳುತ್ತೆ, ಎರಡು ಸಲ ಬಗ್ಗಿಸಿದ್ರೆ ಅಲ್ಲೇ ಲಟಕ್. ಬಾಕ್ಸ್ ಒಳಗೆ ತುರುಕೋವಾಗ ಮುರಿದ್ರೆ ಅದೃಷ್ಟ, ಗೊತ್ತಾಗುತ್ತೆ. ಅರ್ಧ ಮುರಿದು ನಿಂತ್ರೆ ಗೊತ್ತಾಗಲ್ಲ.

ಎಳೆ ವೈರ್ ಹಂಗಲ್ಲ. ಸ್ಕ್ರೂ ತಲೆ ಕೆಳಗೆ ಹಾಗೇ ಸುತ್ತಿದ್ರೆ ಎಳೆಗಳು ಪೊರಕೆ ಕಡ್ಡಿ ಹಾಗೆ ಹರಡ್ಕೊಳ್ತವೆ. ಅರ್ಧ ಎಳೆ ಒಳಗೆ, ಅರ್ಧ ಹೊರಗೆ, ಒಂದೆರಡು ಪಕ್ಕದ ಟರ್ಮಿನಲ್ ಕಡೆಗೆ ಇಣುಕಿ ನೋಡ್ತಾ. ಅಲ್ಲಿ ಉಂಗುರದ ಥಿಂಬಲ್ ಬೇಕು. ಸ್ವಿಚ್ಚಿನ ತೂತಿನ ಟರ್ಮಿನಲ್ ಆದ್ರೆ ಸ್ಕ್ರೂ ಮೂತಿ ನೇರವಾಗಿ ಎಳೆಗಳ ಮೇಲೆ ತಿರುಗಿ ಕೆಲವನ್ನ ಕತ್ತರಿಸುತ್ತೆ, ಕೆಲವನ್ನ ಪಕ್ಕಕ್ಕೆ ತಳ್ಳುತ್ತೆ. ತೂತು ದೊಡ್ಡದು, ವೈರ್ ಸಣ್ಣದು ಆದ್ರೆ ತುದಿ ಎರಡು ಮಡಿಕೆ ಮಾಡಿ ಹಾಕೋದು ಒಪ್ಪೋ ಕೆಲಸ. ಇನ್ನೂ ಒಳ್ಳೇದು ಪಿನ್ ಲಗ್ಗು. ಅದಕ್ಕೆ ಆಮೇಲೆ ಬರ್ತೀನಿ.

6/9

ಈಗ ರೀಲ್ಸ್ ಗುರುಗಳಿಗೆ.

'ಈ ಟ್ರಿಕ್ ಯಾವ ಎಲೆಕ್ಟ್ರಿಷಿಯನ್ನೂ ನಿಮಗೆ ಹೇಳಲ್ಲ' ಅಂತ ಶುರು ಮಾಡ್ತಾರೆ. ಹಿಂದೆ ಒಂದು ಹಾಡು. ಎರಡು ವೈರ್ ತಗೊಂಡು ಜಡೆ ಹೆಣೆದ ಹಾಗೆ ಹೆಣೆದು, ಲೈಟರ್‌ನಲ್ಲಿ ಕಾಯಿಸಿ, ಗಮ್ ಹಚ್ಚಿ, ಕೊನೆಗೆ ಪೆನ್ನಿನ ರೀಫಿಲ್ ತೊಡಿಸಿ, ಬಲ್ಬ್ ಹತ್ತಿಸಿ ತೋರಿಸ್ತಾರೆ. ಬಲ್ಬ್ ಹತ್ತಿದ್ದೇ ಪ್ರೂಫ್! ಎಲ್‌ಇಡಿ ಬಲ್ಬು ಮಗಾ, ಅದು ಒಂದೇ ಒಂದು ಎಳೆ ತಾಗಿದ್ರೂ ಹತ್ತುತ್ತೆ. 13 ಆಂಪ್ ಒಂದು ಗಂಟೆ ಹರಿಸಿ, ಬೆರಳಿಟ್ಟು ತೋರ್ಸು, ಆಗ ಲೈಕ್ ಒತ್ತೋಣ.

ಅದನ್ನ ನಮ್ಮ ಕ್ಲಾಸ್ ಗ್ರೂಪಲ್ಲಿ ಫಾರ್ವರ್ಡ್ ಮಾಡ್ತೀರಲ್ಲ, ಬೇಜಾರಾಗೋದು ಅದಕ್ಕೇ. ಗೊತ್ತಿಲ್ಲದೋರು ಮಾಡಿದ್ರೆ ಸುಮ್ನಿರಬಹುದು.

ಮೂರು ದುರಭ್ಯಾಸ ಇಲ್ಲೇ ಬೈದುಬಿಡ್ತೀನಿ. ಹಲ್ಲಲ್ಲಿ ಸಿಪ್ಪೆ ಕಚ್ಚಿ ಎಳೆಯೋದು. ಹಲ್ಲು ನಿಮ್ದು, ಏನಾದ್ರೂ ಮಾಡ್ಕೊಳ್ಳಿ, ಆದ್ರೆ ಎಷ್ಟು ಉದ್ದ ಬಿಚ್ತು ಅಂತ ಹಲ್ಲಿಗೆ ಗೊತ್ತಾಗಲ್ಲ. ಹೆಚ್ಚು ಬಿಚ್ಚಿದ್ರೆ ಬರೀ ತಾಮ್ರ ಟರ್ಮಿನಲ್ ಹೊರಗೆ, ಕಮ್ಮಿ ಬಿಚ್ಚಿದ್ರೆ ಸ್ಕ್ರೂ ಕೂರೋದು ಪ್ಲಾಸ್ಟಿಕ್ ಮೇಲೆ. ಎಷ್ಟು ಬೇಕು ಅಂತ ಹಲವು ಸಾಮಾನಿನ ಮೈಮೇಲೇ ಅಳತೆ ಇರುತ್ತೆ. ವ್ಯಾಗೊದ 221 ಲಿವರ್ ಕನೆಕ್ಟರ್‌ಗೆ 11 ಮಿ.ಮೀ., ಅದರ ಪಕ್ಕದಲ್ಲೇ ಅಳತೆ ಗುರುತು ಇದೆ. ಓದೋಕೆ ಎರಡು ಸೆಕೆಂಡು.

ಎರಡನೇದು, ತೂತಿಗೆ ಹಿಡೀಲಿಲ್ಲ ಅಂತ ಎಳೆ ಕತ್ತರಿಸೋದು. 36ರಲ್ಲಿ 12 ಕತ್ತರಿಸಿದ್ರೆ ಆ ಕುತ್ತಿಗೆಯಲ್ಲಿ ನಿಮ್ಮ 2.5ರ ವೈರು 1.7 ಆಯ್ತು. ಮಾಲೀಕ 2.5ಕ್ಕೆ ದುಡ್ಡು ಕೊಟ್ಟಿದ್ದಾನೆ. ಹಿಡೀಲಿಲ್ಲ ಅಂದ್ರೆ ಟರ್ಮಿನಲ್ ಚಿಕ್ಕದು ಅಂತ ಅರ್ಥ, ವೈರ್ ದಪ್ಪ ಅಂತಲ್ಲ.

ಮೂರನೇದು ಕೇಳಿದ್ರೆ ಕೆಲವರಿಗೆ ಸಿಟ್ಟು ಬರುತ್ತೆ, ಯಾಕಂದ್ರೆ ಅದನ್ನ ನೀಟ್ ಕೆಲಸ ಅಂತ ಅಂದ್ಕೊಂಡಿದ್ದಾರೆ. ಎಳೆಗಳಿಗೆ ಸಾಲ್ಡರ್ ಹಚ್ಚಿ ಗಟ್ಟಿ ಮಾಡಿ ಸ್ಕ್ರೂ ಕೆಳಗೆ ಹಾಕೋದು. ಹೊಳೆಯುತ್ತೆ, ಚಂದ ಕಾಣುತ್ತೆ, ಮೊದಲ ದಿನ ಬಿಗಿನೂ ಇರುತ್ತೆ. ಆದ್ರೆ ಸಾಲ್ಡರ್ ಮೆತ್ತನೆ ಲೋಹ. ಸ್ಕ್ರೂ ಒತ್ತಡ ದಿನಗಟ್ಟಲೆ ಮೇಲಿದ್ರೆ ಅದು ತಣ್ಣಗಿರೋವಾಗಲೂ ನಿಧಾನಕ್ಕೆ ಹರಿದು ಜಾಗ ಬಿಟ್ಟುಕೊಡುತ್ತೆ. ಸ್ಕ್ರೂ ಅಲ್ಲೇ ಇದೆ, ಒತ್ತಡ ಹೋಯ್ತು. ಇದು ನನ್ನ ಸ್ವಂತ ಥಿಯರಿ ಅಲ್ಲ. ಮನೆಬಳಕೆ ಉಪಕರಣಗಳ ಸುರಕ್ಷತೆಯ ಅಂತರರಾಷ್ಟ್ರೀಯ ಮಾನದಂಡ ಐಇಸಿ 60335 ಇದನ್ನ ಬೇಡ ಅನ್ನುತ್ತೆ. ಸಾಲ್ಡರ್ ಹರಿದ್ರೂ ಒತ್ತಡ ಕಳ್ಕೊಳ್ಳದ ಸ್ಪ್ರಿಂಗ್ ಥರದ ವ್ಯವಸ್ಥೆ ಇದ್ರೆ ಮಾತ್ರ ಬೇರೆ ಮಾತು. ಸಾಲ್ಡರ್ ಬೇಕಾದ ಜಾಗ ಸರ್ಕ್ಯೂಟ್ ಬೋರ್ಡು, ಸ್ಕ್ರೂ ಕೆಳಗಲ್ಲ.

ಟೇಪಾ? ಟೇಪ್ ಮುಚ್ಚುತ್ತೆ, ಹಿಡಿಯಲ್ಲ.

7/9

ಪಿನ್ ಲಗ್. ಫೆರೂಲ್ ಅಂತಾನೂ ಅಂತಾರೆ. ತಾಮ್ರದ ಸಣ್ಣ ಕೊಳವೆ, ತವರದ ಲೇಪ, ಹಿಂದೆ ಪ್ಲಾಸ್ಟಿಕ್ ಕಾಲರ್. ಎಲ್ಲಾ ಎಳೆ ಒಳಗೆ ಹೋಗ್ಬೇಕು, ಒಂದೂ ಹೊರಗೆ ಉಳೀಬಾರ್ದು. ಆಮೇಲೆ ಕ್ರಿಂಪಿಂಗ್ ಟೂಲಲ್ಲಿ ಒತ್ತಿ. ಎಳೆಗಳೆಲ್ಲ ಸೇರಿ ಒಂಟಿ ತಂತಿ ಥರ ಆಗುತ್ತೆ, ಸ್ಕ್ರೂ ಮೂತಿಗೆ ಎಳೆ ಸಿಗಲ್ಲ. ಒತ್ತಿ ತಳ್ಳೋ ಸ್ಪ್ರಿಂಗ್ ಟರ್ಮಿನಲ್‌ಗೆ ಗಟ್ಟಿ ತಂತಿ ನೇರವಾಗಿ ಹೋಗುತ್ತೆ, ಎಳೆ ವೈರ್ ಮೆತ್ತಗೆ ಮಡಚಿಕೊಳ್ಳುತ್ತೆ. ಅಲ್ಲಿ ಪಿನ್ ಇರ್ಬೇಕು, ಇಲ್ಲಾಂದ್ರೆ ಬಟನ್ ಒತ್ತಿ ಬಾಯಿ ತೆರೆದು ಹಾಕ್ಬೇಕು.

ಗಟ್ಟಿ ತಂತಿಗೆ ಪಿನ್ ಹಾಕ್ಬೇಡಿ, ಅದಕ್ಕೆ ಬೇಕಿಲ್ಲ. ಕಟಿಂಗ್ ಪ್ಲೇಯರ್‌ನಲ್ಲಿ ಜಜ್ಜಿದ್ದನ್ನ ಕ್ರಿಂಪ್ ಅಂತ ಕರೀಬೇಡಿ, ಅದು ಜಜ್ಜಿದ್ದು. ಬಣ್ಣ ನಂಬ್ಕೊಂಡೂ ತಗೋಬೇಡಿ. ಜರ್ಮನ್ ಡಿಐಎನ್ ಪದ್ಧತಿಯಲ್ಲಿ 1.5ಕ್ಕೆ ಕಪ್ಪು, 2.5ಕ್ಕೆ ನೀಲಿ, 4ಕ್ಕೆ ಬೂದು. ಇನ್ನೊಂದು ಪದ್ಧತಿಯಲ್ಲಿ ಬೂದು ಅಂದ್ರೆ 2.5. ಅಂಗಡಿ ಡಬ್ಬದಲ್ಲಿ ಎರಡೂ ಬೆರೆತಿರಬಹುದು. ಪ್ಯಾಕೆಟ್ ಮೇಲಿನ ಅಳತೆ ಓದಿ.

ಪಿನ್ ಇಲ್ಲದ ಎಳೆ ವೈರ್ ಎಲ್ಲಾ ಕಡೆ ತಪ್ಪು ಅಂತ ನಾನು ಹೇಳ್ತಿಲ್ಲ. ಎಂಸಿಬಿಯ ಪೆಟ್ಟಿಗೆ ಥರದ ಟರ್ಮಿನಲ್ ಎಳೆಗಳನ್ನ ತಟ್ಟೆಯಿಂದ ಒತ್ತುತ್ತೆ, ಬರಿ ಎಳೆಯನ್ನೂ ಚೆನ್ನಾಗಿ ಹಿಡಿಯುತ್ತೆ. ತಯಾರಕರು ಒಪ್ಪಿದ್ರೆ ಹಾಕಿ. ಆದ್ರೆ ಎಷ್ಟು ಬಿಗಿ ಅನ್ನೋದನ್ನೂ ಅವರೇ ಬರೆದಿರ್ತಾರೆ ನೋಡಿ, ನ್ಯೂಟನ್ ಮೀಟರ್ ಲೆಕ್ಕದಲ್ಲಿ. 'ಕೈಗೆ ಬಂದಷ್ಟು ಬಿಗಿ' ಅನ್ನೋದು ಅಳತೆ ಅಲ್ಲ, ಅದು ಬೆಳಿಗ್ಗೆ ಏನು ತಿಂದಿದ್ರಿ ಅನ್ನೋದರ ಮೇಲೆ ಹೋಗುತ್ತೆ. ಬಿಗಿ ಮಾಡಿ, ಎಳೆದು ನೋಡಿ.

8/9

ಈ ಫೋಟೊ ಮಾಗಡಿ ತಾಲ್ಲೂಕಿನ ಒಂದು ತೋಟದ್ದು. ತಗಡಿನ ಡಬ್ಬ, ಒಳಗೆ ಬೋರ್‌ವೆಲ್ ಮೋಟರ್ ಸ್ಟಾರ್ಟರ್. ಮೂರು ಫೇಸಲ್ಲಿ ನಡುವಿನದು ಸುಟ್ಟು ಕರಿ. ನಮ್ಮ ಕಡೆ ಇಂಥದ್ದು ಎಷ್ಟು ನೋಡಿಲ್ಲ ನೀವು? ಹೇಮಾವತಿ ನೀರು ಬರುತ್ತೆ ಬರುತ್ತೆ ಅಂತ ಕೇಳ್ತಾನೇ ಬೆಳೆದಿದ್ದೀವಿ. ಅಲ್ಲಿವರೆಗೂ ಬೋರ್‌ವೆಲ್ಲೇ ಗತಿ, ಬೋರ್‌ವೆಲ್ ಅಂದ್ರೆ ಈ ತಗಡಿನ ಡಬ್ಬ.

ಇದರಲ್ಲಿ ಎಲ್ಲಾ ತಪ್ಪೂ ಒಟ್ಟಿಗೆ ಸೇರ್ಕೊಂಡಿದೆ. ಮೀಟರ್ ಕಡೆಯಿಂದ ಬಂದಿರೋದು ಅಲ್ಯೂಮಿನಿಯಂ. ಬೋರ್ ಒಳಗೆ ಇಳಿದಿರೋದು ಚಪ್ಪಟೆ ತಾಮ್ರದ ಕೇಬಲ್, ಸಣ್ಣ ಎಳೆಗಳದ್ದು. ಎರಡನ್ನೂ ಸೇರಿಸಿ ಹೊಸೆದು ಒಂದೇ ಸ್ಕ್ರೂ ಕೆಳಗೆ ಸುತ್ತಿದ್ದಾರೆ. ಅಲ್ಯೂಮಿನಿಯಂ ಮೇಲೆ ಗಾಳಿ ತಾಗಿದ ಕ್ಷಣವೇ ಆಕ್ಸೈಡ್ ಪದರ ಕೂರುತ್ತೆ, ಅದು ಕರೆಂಟ್ ಬಿಡಲ್ಲ. ಬಿಸಿಯಾದ್ರೆ ತಾಮ್ರಕ್ಕಿಂತ ಜಾಸ್ತಿ ಹಿಗ್ಗುತ್ತೆ. ತೇವ ಸೇರಿದ್ರೆ ತಾಮ್ರದ ಜೊತೆ ಕೂಡಿ ಬ್ಯಾಟರಿ ಥರ ತನ್ನನ್ನೇ ತಿಂದ್ಕೊಳ್ಳುತ್ತೆ. ಒತ್ತಡದಲ್ಲಿ ಹರಿದು ಸಡಿಲ ಆಗೋ ಗುಣನೂ ಇದೆ.

ಅಮೆರಿಕದಲ್ಲಿ 1960ರ ದಶಕದ ಮಧ್ಯದಿಂದ 70ರ ದಶಕದ ಮೊದಲವರೆಗೆ ತಾಮ್ರ ದುಬಾರಿ ಆಯ್ತು ಅಂತ ಮನೆಗಳಿಗೆ ಅಲ್ಯೂಮಿನಿಯಂ ವೈರ್ ಹಾಕಿದ್ರು. ಅಲ್ಲಿನ ಗ್ರಾಹಕ ಸುರಕ್ಷತಾ ಆಯೋಗ ಕೊನೆಗೆ ಹೇಳಿದ್ದೇನು ಗೊತ್ತಾ? 1972ಕ್ಕೆ ಮೊದಲಿನ ಅಲ್ಯೂಮಿನಿಯಂ ಇರೋ ಮನೆಗಳಲ್ಲಿ ಔಟ್‌ಲೆಟ್ಟಿನ ಜೋಡಣೆ ಬೆಂಕಿ ಅಪಾಯದ ಮಟ್ಟ ಮುಟ್ಟೋ ಸಾಧ್ಯತೆ ತಾಮ್ರದ ಮನೆಗಿಂತ 55 ಪಟ್ಟು. ಗಮನಿಸಿ, ವೈರ್ ನಡುವೆ ಅಲ್ಲ. ಜೋಡಣೆಯಲ್ಲಿ. ಅಲ್ಲೂ ತುದಿಯೇ.

ನಮ್ಮ ತೋಟದಲ್ಲಿ ಇದಕ್ಕೆ ಇನ್ನೊಂದು ಸೇರುತ್ತೆ, ಲೋ ವೋಲ್ಟೇಜ್. ವೋಲ್ಟೇಜ್ ಬಿದ್ದಾಗ ಮೋಟರ್ ಅದೇ ನೀರೆತ್ತೋಕೆ ಹೆಚ್ಚು ಕರೆಂಟ್ ಎಳೆಯುತ್ತೆ. ಸಡಿಲ ತುದಿ ಇರೋ ಫೇಸ್ ಪೂರ್ತಿ ಹೋದ್ರೆ ಉಳಿದ ಎರಡರ ಮೇಲೆ ಭಾರ, ಪ್ರೊಟೆಕ್ಷನ್ ಸರಿ ಇಲ್ಲಾಂದ್ರೆ ವೈಂಡಿಂಗ್ ಸುಟ್ಟು ಹೋಗುತ್ತೆ. ಆಮೇಲೆ ಪೈಪ್ ಎತ್ತೋ ಗಾಡಿ ಕರೆಸ್ಬೇಕು, ರೀವೈಂಡಿಂಗ್, ಮತ್ತೆ ಇಳಿಸ್ಬೇಕು. ಅಷ್ಟರಲ್ಲಿ ಬೆಳೆ ಬಾಡುತ್ತೆ. ರೈತ ಕೇಳಿದ್ರೆ 'ಮೋಟರ್ ಕಂಪನಿ ಸರಿ ಇಲ್ಲ' ಅಂತ ಹೇಳಿ ಹೋಗ್ತಾರೆ. ತಪ್ಪಿಸೋಕೆ ಬೇಕಾಗಿದ್ದು ತಾಮ್ರ-ಅಲ್ಯೂಮಿನಿಯಂ ಎರಡಕ್ಕೂ ಹೊಂದೋ ಬೈಮೆಟಲ್ ಲಗ್ಗು, ತಾಮ್ರಕ್ಕೆ ಉಂಗುರದ ಥಿಂಬಲ್ಲು, ಸರಿಯಾದ ಕ್ರಿಂಪಿಂಗ್ ಟೂಲು.

9/9

ಹಾಗಾದ್ರೆ ಯಾರೂ ಯಾಕೆ ಮಾಡಲ್ಲ? ಸೋಮಾರಿತನ ಅಂತ ಹೇಳಿ ಮುಗಿಸಿದ್ರೆ ಸುಳ್ಳಾಗುತ್ತೆ. ನಮ್ಮ ಸೀನಿಯರ್‌ಗಳಲ್ಲಿ ಎಷ್ಟೋ ಜನಕ್ಕೆ ಎಲ್ಲಾ ಗೊತ್ತು.

ಕಾರಣ ಪಾಯಿಂಟ್ ಲೆಕ್ಕ. ಕಂಟ್ರಾಕ್ಟರ್ ದುಡ್ಡು ಕೊಡೋದು ಪಾಯಿಂಟಿಗೆ ಇಷ್ಟು ಅಂತ. ಒಂದು ಪಾಯಿಂಟಲ್ಲಿ ಎಷ್ಟು ತುದಿ ಇದೆ, ಪ್ರತಿ ತುದಿಗೆ ಎಷ್ಟು ಹೊತ್ತು ಬೇಕು ಅಂತ ಆ ರೇಟಲ್ಲಿ ಲೆಕ್ಕವೇ ಇಲ್ಲ. ಅಳೆದು ಸಿಪ್ಪೆ ತೆಗೆದು, ಪಿನ್ ಹಾಕಿ, ಒತ್ತಿ, ಬಿಗಿ ಮಾಡಿ, ಎಳೆದು ನೋಡೋನು ದಿನಕ್ಕೆ ಕಮ್ಮಿ ಪಾಯಿಂಟ್ ಮುಗಿಸ್ತಾನೆ, ಕಮ್ಮಿ ದುಡ್ಡು ತಗೊಂಡು ಮನೆಗೆ ಹೋಗ್ತಾನೆ. ಹಲ್ಲಲ್ಲಿ ಕಚ್ಚಿ ತುರುಕೋನು ಜಾಸ್ತಿ ಮುಗಿಸಿ ಫಾಸ್ಟ್ ಹುಡುಗ ಅನ್ನಿಸ್ಕೊಳ್ತಾನೆ. ಪ್ಲೇಟ್ ಹಾಕಿದ ಮೇಲೆ ಇಬ್ಬರ ಕೆಲಸವೂ ಒಂದೇ ಥರ ಕಾಣುತ್ತೆ. ಒಳ್ಳೇ ಕೆಲಸಕ್ಕೆ ದಂಡ ಹಾಕೋ ರೇಟ್ ಇದು.

ಮನೆ ಮಾಲೀಕರಿಗೂ ಒಂದು ಮಾತು. ಇಟಾಲಿಯನ್ ಮಾರ್ಬಲ್ ಹಾಕಿಸ್ತೀರಿ, ಗೇಟಿಗೆ ಸಿಂಹದ ತಲೆ ಕೂರಿಸ್ತೀರಿ, ವೈರ್ ಮಾತ್ರ ಟಿವಿ ಜಾಹೀರಾತಲ್ಲಿ ಬಂದಿದ್ದೇ ಬೇಕು ಅಂತೀರಿ. ಸರಿ. ಆ ವೈರಿನ ತುದಿಗೆ ಪಿನ್ ಬೇಕು ಅಂದ್ರೆ 'ಅದೆಲ್ಲ ಫ್ಯಾಕ್ಟರಿಗೆ, ಮನೆಗೆ ಯಾಕೆ' ಅಂತೀರಿ. ಒಂದು ಪಿನ್ನಿನ ಬೆಲೆ ಒಂದು ಮಸಾಲೆ ದೋಸೆ ಬೆಲೆಯ ಹತ್ತಿರಕ್ಕೂ ಬರಲ್ಲ. ಬಿಡದಿ ಕಡೆ ಫ್ಯಾಕ್ಟರಿಗಳಲ್ಲಿ ಕೆಲಸ ಮಾಡೋ ನಿಮ್ಮ ನೆಂಟರನ್ನೇ ಕೇಳಿ ನೋಡಿ, ಪ್ಯಾನೆಲ್ ಒಳಗೆ ಪಿನ್ ಇಲ್ಲದ ಎಳೆ ವೈರ್ ಬಿಟ್ರೆ ಇನ್‌ಸ್ಪೆಕ್ಷನ್‌ನಲ್ಲಿ ಏನಂತಾರೆ ಅಂತ. ಅಲ್ಲಿ ಮಷೀನಿಗೆ ಸಿಗೋ ಮರ್ಯಾದೆ ಇಲ್ಲಿ ಮಲಗಿರೋ ಮಕ್ಕಳಿಗೆ ಸಿಗಲ್ವಾ?

ಕ್ಲಾಸ್‌ಮೇಟ್ಸ್, ಈ ವರ್ಷ ಪಾಸಾಗಿ ಹೊರಗೆ ಹೋಗ್ತಿದ್ದೀವಿ. ಎಸ್ಟಿಮೇಟ್ ಬರೆಯೋವಾಗ ಪಾಯಿಂಟಿನ ಜೊತೆ 'ಟರ್ಮಿನೇಶನ್, ಲಗ್ ಸಮೇತ' ಅಂತ ಬೇರೆ ಒಂದು ಸಾಲು ಬರೀರಿ. ಮಾಲೀಕ ಕೇಳ್ತಾನೆ ಇದೇನು ಅಂತ. ಮೊದಲನೇ ಫೋಟೊ ತೋರ್ಸಿ. ಕಂಟ್ರಾಕ್ಟರ್ ಆ ಸಾಲು ಹೊಡೆದು ಹಾಕ್ತಾನೆ, ಆಗ ಗೀಸರ್, ಎಸಿ, ಒಲೆ, ಮೋಟರ್ ಇಷ್ಟಕ್ಕಾದ್ರೂ ಬಿಡಿಸ್ಕೊಳ್ಳಿ. ಒಬ್ಬನೇ ಕೇಳಿದ್ರೆ ಆಚೆ ಕಳಿಸ್ತಾರೆ, ನಿಜ. ನಮ್ಮ ಬ್ಯಾಚ್ ಪೂರ್ತಿ ಕೇಳಿದ್ರೆ ಎಷ್ಟು ಜನನ ಕಳಿಸ್ತಾರೆ ನೋಡೋಣ.

ನನ್ನ ಹತ್ರ ಕ್ರಿಂಪಿಂಗ್ ಟೂಲ್ ಒಂದೇ ಇದೆ, 0.5ರಿಂದ 6ರವರೆಗೆ ಒತ್ತುತ್ತೆ. ಬೇಕಾದೋರು ಮೆಸೇಜ್ ಮಾಡಿ, ಸರದಿ ಪ್ರಕಾರ ಕೊಡ್ತೀನಿ. ವಾಪಸ್ ಕೊಡೋವಾಗ ದವಡೆ ಒರೆಸಿ ಕೊಡಿ.

#ಮಾಗಡಿ #ಎಲೆಕ್ಟ್ರಿಷಿಯನ್ #ಐಟಿಐ_ಹುಡುಗರು #ತುದಿ_ಹತ್ತು_ಮಿಮೀ